ಪ್ರೇಮಕಥೆ, ವಾಚಕಿ ಮತ್ತು ಚರಿತ್ರೆ: ತ್ರಿವೇಣಿಯವರ ಬರವಣಿಗೆಯ ಹತ್ತು ವರ್ಷಗಳು

1. ವಿಷಯ ಪ್ರವೇಶ

ಜನಸಾಮಾನ್ಯರು ಆಸೆಪಟ್ಟು ಓದುವ ಪುಸ್ತಕಗಳು ಚರಿತ್ರಕಾರನ ಮೇಜಿನ ಮೇಲೆ ಬರುವುದು ಅಪೂರ್ವ. ಶಾಸನ, ದಾನಪತ್ರ, ಸರಕಾರದ ಕಡತ, ಪ್ರವಾಸಿಗರ ಬರಹ ಇವು ಆಕರಗಳೆಂದು ನಾವೆಲ್ಲರೂ ಒಪ್ಪಿರುವೆವು. ಮಧ್ಯಾಹ್ನ ಮನೆಗೆಲಸ ಮುಗಿಸಿದ ಗೃಹಿಣಿಯೂ ಕಾಲೇಜಿನಿಂದ ಹಿಂದಿರುಗಿದ ವಿದ್ಯಾರ್ಥಿನಿಯೂ ಓದಿದ ಪ್ರೇಮಕಾದಂಬರಿಯಾದರೋ, ಕಾಲಹರಣದ ಸಾಮಗ್ರಿಯೆಂದು ಬದಿಗೆ ಸರಿಸಲ್ಪಟ್ಟಿದೆ. ಈ ಉಪೇಕ್ಷೆಯು ಸಾಧುವಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದು ಸಮಾಜವು ವಿವಾಹ, ಆಸ್ತಿ, ವೈಧವ್ಯ, ಕಾಯಿಲೆ ಇವುಗಳ ವಿಷಯದಲ್ಲಿ ಬಹಿರಂಗವಾಗಿ ಹೇಳಲಾರದ ಮಾತುಗಳನ್ನು ಕಥೆಯ ಮರೆಯಲ್ಲಿ ಹೇಳಿಕೊಳ್ಳುವುದುಂಟು. ಆ ಮಾತನ್ನು ಆಲಿಸಬಲ್ಲವನಿಗೆ ಇಂಥ ಕಾದಂಬರಿಯೂ ಒಂದು ಆಕರವೇ ಸರಿ.

ಪ್ರಕೃತ ಲೇಖನದಲ್ಲಿ ನಾವು 'ತ್ರಿವೇಣಿ' ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಅನಸೂಯಾ ಶಂಕರ್ ಅವರ (1928-1963) ಸಾಹಿತ್ಯ ವೃತ್ತಿಯನ್ನು ಚರಿತ್ರೆಯ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸುವೆವು. ಅವರ ಕೃತಿಗಳ ಕಾವ್ಯಗುಣವನ್ನು ಅಳೆಯುವುದು ಸಾಹಿತ್ಯ ವಿಮರ್ಶಕರ ಕೆಲಸ. ಹತ್ತೇ ವರ್ಷಗಳ ಅವಧಿಯಲ್ಲಿ ಓರ್ವ ಸ್ತ್ರೀ ಇಪ್ಪತ್ತರಷ್ಟು ಕಾದಂಬರಿಗಳನ್ನು ಬರೆದು, ಅಪಾರವಾದ ವಾಚಕವರ್ಗವನ್ನು ಸಂಪಾದಿಸುವುದು ಯಾವ ಸನ್ನಿವೇಶದಲ್ಲಿ ಸಾಧ್ಯವಾಯಿತು? ಆ ಕೃತಿಗಳಿಂದ ನಾವು ಯಾವ ಕಾಲದ, ಯಾರ ಚರಿತ್ರೆಯನ್ನು ತಿಳಿಯಬಹುದು? ಇವೆರಡೇ ನಮ್ಮ ಪ್ರಶ್ನೆಗಳು.

2. ಜಪಾನಿನ ಒಂದು ಸಾದೃಶ್ಯ

ನಮ್ಮ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಲು ದೂರದ ಒಂದು ದೇಶದ ನಿದರ್ಶನವು ಸಹಾಯಕವಾಗುವುದು. ಜಪಾನಿನಲ್ಲಿ ತರುಣಿಯರ ಹೃದಯದ ಕಥೆಯು ಬಹುಮಟ್ಟಿಗೆ ಚಿತ್ರಗಳ ರೂಪವನ್ನು ತಾಳಿತು. 'ಮಾಂಗಾ' ಎಂಬ ಚಿತ್ರಕಥೆಗಳಲ್ಲಿ ಬಾಲಿಕೆಯರಿಗಾಗಿಯೇ ರಚಿತವಾದುವನ್ನು 'ಶೋಜೊ ಮಾಂಗಾ' ಎನ್ನುವರು. 1923ರಲ್ಲಿ ಆರಂಭವಾದ 'ಶೋಜೊ ಕ್ಲಬ್' ಎಂಬ ಮಾಸಪತ್ರಿಕೆಯಲ್ಲಿ 1953ರಿಂದ ಒಸಾಮು ತೆಜುಕಾ ಅವರು 'ರಿಬೊನ್ ನೊ ಕಿಶಿ' ಎಂಬ ಕಥೆಯನ್ನು ಚಿತ್ರಿಸತೊಡಗಿದರು. ರಾಜಕುಮಾರನಂತೆ ಬೆಳೆಸಲ್ಪಟ್ಟ ರಾಜಕುಮಾರಿಯೊಬ್ಬಳು ಅದರ ನಾಯಿಕೆ. ಆ ದಶಕದಲ್ಲಿ ಬಾಲಿಕೆಯರ ಕಥೆಗಳನ್ನು ಚಿತ್ರಿಸುತ್ತಿದ್ದವರಲ್ಲಿ ಪುರುಷರೇ ಹೆಚ್ಚಾಗಿದ್ದರೆಂಬುದು ಗಮನಾರ್ಹ.

ಮುಂದಿನ ದಶಕದಲ್ಲಿ ಈ ಸ್ಥಿತಿಯು ಮಾರ್ಪಟ್ಟಿತು. 1963ರ ಸುಮಾರಿಗೆ 'ಶೋಜೊ ಫ್ರೆಂಡ್', 'ಮಾರ್ಗರೆಟ್' ಎಂಬ ವಾರಪತ್ರಿಕೆಗಳು ಹೊರಟವು. ವಾರವಾರವೂ ಪುಟಗಳನ್ನು ತುಂಬಬೇಕಾದ ಪತ್ರಿಕೆಗಳಿಗೆ ಹೊಸ ಲೇಖನಿಗಳು ಬೇಕಾದುವು. ಮಾಚಿಕೊ ಸಾತೊನಾಕಾ ಎಂಬ ಹದಿನಾರು ವರ್ಷದ ವಿದ್ಯಾರ್ಥಿನಿಯು 1964ರಲ್ಲಿ ಹೊಸಬರಿಗಾಗಿ ಏರ್ಪಟ್ಟ ಸ್ಪರ್ಧೆಯಲ್ಲಿ ಬಹುಮಾನ ಪಡೆದು ವೃತ್ತಿಗಿಳಿದಳು. ನಿನ್ನೆ ಓದುಗಳಾಗಿದ್ದವಳು ಇಂದು ಕರ್ತೃವಾದಳು. ಈ ಪರಂಪರೆಯ ಬಹು ಪ್ರಸಿದ್ಧ ಕೃತಿ ರಿಯೊಕೊ ಇಕೆದಾ ಅವರ 'ವರ್ಸೇಲ್ಸಿನ ಗುಲಾಬಿ'. ಅದು 1972-73ರಲ್ಲಿ 'ಮಾರ್ಗರೆಟ್' ಪತ್ರಿಕೆಯಲ್ಲಿ ಬಂದಿತು. ಫ್ರಾನ್ಸಿನ ಮಹಾಕ್ರಾಂತಿಯೇ ಅದರ ಹಿನ್ನೆಲೆ. ಸ್ಟೀಫನ್ ಜ್ವೈಗ್ ಬರೆದ ಮೇರಿ ಆಂಟೊಯ್ನೆಟ್ ರಾಣಿಯ ಚರಿತ್ರೆಯು ಅದಕ್ಕೆ ಪ್ರೇರಣೆ. ಪ್ರೇಮಕಥೆಯನ್ನು ಅರಸಿ ಬಂದ ಬಾಲಿಕೆಯರು ಅದರೊಡನೆ ಒಂದು ಯುಗದ ಚರಿತ್ರೆಯನ್ನೂ ಓದಿಕೊಂಡರು. 1974ರಲ್ಲಿ ತಕರಜುಕಾ ನಾಟಕ ಮಂಡಲಿಯವರು ಅದನ್ನು ರಂಗಕ್ಕೆ ತಂದರು.

ಈ ವೃತ್ತಾಂತದಿಂದ ನಾವು ಗ್ರಹಿಸಬೇಕಾದುದು ಇಷ್ಟು: ಪ್ರೇಮಕಥೆಯ ಕರ್ತೃವೊಬ್ಬಳ ಉತ್ಕರ್ಷಕ್ಕೆ ಪ್ರತಿಭೆಯೊಂದೇ ಸಾಲದು. ಅಕ್ಷರ ಬಲ್ಲ ವಾಚಕಿಯರು, ಅವರನ್ನು ತಲಪುವ ಪತ್ರಿಕೆ ಅಥವಾ ಪ್ರಕಾಶನ, ಕಥೆಯನ್ನು ಓದುಬಾರದವರ ಬಳಿಗೂ ಒಯ್ಯಬಲ್ಲ ರಂಗ ಅಥವಾ ಚಲಚ್ಚಿತ್ರ ಈ ಮೂರೂ ಕೂಡಿಬರಬೇಕು. ಕನ್ನಡದಲ್ಲಿ ಚಿತ್ರಕಥೆಯು ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಅದರ ಸ್ಥಾನವನ್ನು ಗದ್ಯ ಕಾದಂಬರಿಯು ಆಕ್ರಮಿಸಿತು. ತೆಜುಕಾ ಅವರೂ ತ್ರಿವೇಣಿಯವರೂ ಜನಿಸಿದುದು 1928ರಲ್ಲಿಯೇ. 'ರಿಬೊನ್ ನೊ ಕಿಶಿ' ಆರಂಭವಾದ 1953ರಲ್ಲಿಯೇ ತ್ರಿವೇಣಿಯವರ ಮೊದಲ ಕಾದಂಬರಿಯೂ ಪ್ರಕಟವಾಯಿತು. ಇದು ಕೇವಲ ಕಾಕತಾಳೀಯ. ಆದರೆ ಎರಡು ದೇಶಗಳಲ್ಲಿಯೂ ಓದುಬಲ್ಲ ತರುಣಿಯರ ಹೊಸ ತಲೆಮಾರೊಂದು ತನ್ನ ಕಥೆಗಾಗಿ ಕಾದಿತ್ತೆಂಬುದು ಕಾಕತಾಳೀಯವಲ್ಲ.

3. ಪೂರ್ವಸೂರಿಗಳು

ತ್ರಿವೇಣಿಯವರು ಬರಿಯ ನೆಲದಲ್ಲಿ ಬೀಜ ಬಿತ್ತಿದವರಲ್ಲ. ನಂಜನಗೂಡು ತಿರುಮಲಾಂಬಾ ಅವರು (1887-1982) ಬಾಲ್ಯದಲ್ಲಿಯೇ ವೈಧವ್ಯವನ್ನು ಅನುಭವಿಸಿ, ಮನೆಯಲ್ಲಿಯೇ ವಿದ್ಯೆ ಕಲಿತು, 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಸ್ಥಾಪಿಸಿದರು. ಅವರ 'ಸುಶೀಲೆ' ಕಾದಂಬರಿಯು 1913ರಲ್ಲಿ ಹೊರಬಂದಿತು. ಆರ್. ಕಲ್ಯಾಣಮ್ಮನವರು ಬೆಂಗಳೂರಿನಿಂದ 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ಹಲವು ದಶಕಗಳ ಕಾಲ ನಡೆಸಿದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಮನೆಗೆ ಕಾದಂಬರಿಗಳನ್ನು ತಲಪಿಸುವ ಪದ್ಧತಿಯನ್ನು ಬಳಕೆಗೆ ತಂದಿತು. ಅ. ನ. ಕೃಷ್ಣರಾಯರು (1908-1971) ಮತ್ತು ಅವರ ಸಮಕಾಲೀನ ಪ್ರಗತಿಶೀಲ ಲೇಖಕರು ಕಾದಂಬರಿಯನ್ನು ಮಧ್ಯಮ ವರ್ಗದ ನಿತ್ಯದ ಓದನ್ನಾಗಿ ಮಾಡಿದರು.

ಇಲ್ಲಿ ಒಂದು ಎಚ್ಚರಿಕೆಯ ಪಾಠವುಂಟು. ತಿರುಮಲಾಂಬಾ ಅವರು ದೀರ್ಘಕಾಲ ಬದುಕಿದ್ದರೂ ಅವರ ಹೆಸರು ಅವರ ಜೀವಿತಕಾಲದಲ್ಲಿಯೇ ಮರೆಯಾಯಿತು. ಅದನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಪ್ರಮುಖರು, ನಮ್ಮ ಜಯನಗರದ ಎನ್. ಎಂ. ಕೆ. ಆರ್. ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ಚಿ. ನ. ಮಂಗಳಾ ಅವರು. ಅವರು ಅಲ್ಲಿ ಕಟ್ಟಿದ 'ಶಾಶ್ವತಿ' ಎಂಬ ಸ್ತ್ರೀ ಅಧ್ಯಯನ ಸಂಸ್ಥೆಯು ತಿರುಮಲಾಂಬಾ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನೂ ಏರ್ಪಡಿಸಿತು. ಒಬ್ಬ ಪ್ರಕಾಶಕಿ, ಸಂಪಾದಕಿ, ಕಾದಂಬರಿಕಾರ್ತಿ ಇಷ್ಟು ಸುಲಭವಾಗಿ ವಿಸ್ಮೃತಿಗೆ ಸಲ್ಲಬಹುದಾದರೆ, 'ಹೆಂಗಸರ ಕಾದಂಬರಿ' ಎಂಬ ಹಣೆಪಟ್ಟಿ ಹೊತ್ತ ಉಳಿದ ಗ್ರಂಥಗಳ ಗತಿಯೇನು?

4. ಜೀವನ ಮತ್ತು ಸನ್ನಿವೇಶ

ತ್ರಿವೇಣಿಯವರು 1928ನೆಯ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಜನಿಸಿದರು. ತಂದೆ ಬಿ. ಎಂ. ಕೃಷ್ಣಸ್ವಾಮಿಯವರು, ಕನ್ನಡ ನವೋದಯದ ಆಚಾರ್ಯಪುರುಷರಾದ ಬಿ. ಎಂ. ಶ್ರೀಕಂಠಯ್ಯನವರು ಇವರ ದೊಡ್ಡಪ್ಪನವರು. ದಕ್ಷಿಣ ಬೆಂಗಳೂರಿನ ನರಸಿಂಹರಾಜ ಕಾಲೋನಿಯಲ್ಲಿ ಎಂ. ವಿ. ಸೀತಾರಾಮಯ್ಯನವರು ಸ್ಥಾಪಿಸಿದ ಪ್ರತಿಷ್ಠಾನವು ಆ 'ಶ್ರೀ'ಯವರ ಹೆಸರನ್ನೇ ಹೊತ್ತಿದೆ. ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿ ಅವರೂ ಕಾದಂಬರಿಕಾರ್ತಿಯಾಗಿ ಹೆಸರಾದರು. ಗ್ರಂಥಗಳ ನಡುವೆ ಬೆಳೆದ ಕುಟುಂಬವಿದು.

ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿ ಪದವೀಧರೆಯಾದರು. ಈ ಅಂಶವನ್ನು ಅವರ ಜೀವನದ ಕೀಲಕವೆಂದೇ ನಾವು ಭಾವಿಸುವೆವು. 1951ರ ಜನಗಣತಿಯಂತೆ ಭಾರತದಲ್ಲಿ ಅಕ್ಷರಸ್ಥರಾದ ಸ್ತ್ರೀಯರ ಪ್ರಮಾಣವು ನೂರಕ್ಕೆ ಒಂಬತ್ತನ್ನು ಮುಟ್ಟಿರಲಿಲ್ಲ. 1961ರ ವೇಳೆಗೆ ಅದು ಹದಿನೈದನ್ನು ಸ್ವಲ್ಪ ಮೀರಿತು. ಅಂಥ ಕಾಲದಲ್ಲಿ ಹೆಣ್ಣುಮಗಳೊಬ್ಬಳು ಪದವಿ ಪಡೆಯುವುದೇ ವಿರಳ. ಮನಸ್ಸಿನ ವ್ಯಾಪಾರಗಳನ್ನು ಶಾಸ್ತ್ರರೀತ್ಯಾ ಕಲಿತು, ಆ ತಿಳಿವಳಿಕೆಯನ್ನು ತಿರುಗಿ ಮನೆಯೊಳಗಿನ ಸ್ತ್ರೀಯರಿಗೆ ಕಥೆಯ ಮೂಲಕ ತಲಪಿಸುವುದು ಇನ್ನೂ ವಿರಳ. ಮೇಲಿನ ಎರಡು ಅಂಕಿಗಳ ನಡುವೆ ಹೊಸದಾಗಿ ಅಕ್ಷರ ಕಲಿತವರ ತಲೆಮಾರೇ ತ್ರಿವೇಣಿಯವರ ವಾಚಕವರ್ಗದ ತಿರುಳು. ಲೇಖಕಿಯ ಬರವಣಿಗೆಯ ದಶಕವೂ ವಾಚಕಿಯರ ಅಕ್ಷರಾಭ್ಯಾಸದ ದಶಕವೂ ಒಂದೇ ಆಗಿದ್ದುವು.

ಅವರು ಮೈಸೂರಿನಲ್ಲಿ ಆಂಗ್ಲ ಭಾಷೆಯ ಅಧ್ಯಾಪಕರಾಗಿದ್ದ ಶಂಕರ್ ಅವರನ್ನು ವಿವಾಹವಾದರು. 'ಅಪಸ್ವರ' ಎಂಬ ಮೊದಲ ಕಾದಂಬರಿಯು 1953ರಲ್ಲಿ ಬಂದಿತು. ಅಲ್ಲಿಂದ ಮುಂದೆ 'ಬೆಕ್ಕಿನ ಕಣ್ಣು', 'ಸೋತು ಗೆದ್ದವಳು', 'ಹೂವು ಹಣ್ಣು', 'ಕೀಲುಗೊಂಬೆ', 'ದೂರದ ಬೆಟ್ಟ', 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಅವಳ ಮನೆ', 'ಶರಪಂಜರ' ಮೊದಲಾದುವು ಒಂದರ ಹಿಂದೊಂದರಂತೆ ಬಂದುವು. 'ಹೆಂಡತಿಯ ಹೆಸರು', 'ಎರಡು ಮನಸ್ಸು', 'ಸಮಸ್ಯೆಯ ಮಗು' ಎಂಬ ಮೂರು ಕಥಾಸಂಗ್ರಹಗಳೂ ಉಂಟು. 1963ನೆಯ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ, ಅವರು ಕಾಲವಶರಾದರು. ಆಗ ಅವರಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ. ಅಪೂರ್ಣವಾಗಿ ಉಳಿದ 'ಅವಳ ಮಗಳು' ಕಾದಂಬರಿಯನ್ನು ಎಂ. ಸಿ. ಪದ್ಮಾ ಅವರು ಪೂರ್ಣಗೊಳಿಸಿದರು.

5. ಮೂರು ಕಾದಂಬರಿಗಳ ಸಾಕ್ಷ್ಯ

'ಬೆಳ್ಳಿಮೋಡ'ವನ್ನು ಮೊದಲು ತೆಗೆದುಕೊಳ್ಳೋಣ. ಮಲೆನಾಡಿನ ಶ್ರೀಮಂತ ತೋಟಗಾರರ ಏಕಮಾತ್ರ ಪುತ್ರಿ ಇಂದಿರಾ. ವಿದ್ಯಾವಂತನಾದ ಮೋಹನನೊಡನೆ ಆಕೆಯ ವಿವಾಹವು ನಿಶ್ಚಯವಾಗುತ್ತದೆ. ಭಾವೀ ಮಾವನ ಹಣದಿಂದಲೇ ಅವನು ಅಮೆರಿಕಕ್ಕೆ ವ್ಯಾಸಂಗಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ಇಂದಿರೆಗೆ ಒಬ್ಬ ತಮ್ಮ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಮಗುವನ್ನು ಸಾಕುವ ಹೊಣೆ ಅಕ್ಕನದಾಗುತ್ತದೆ. ಆಸ್ತಿಗೆ ಈಗ ಗಂಡು ಸಂತಾನವಿದೆಯೆಂದು ಅರಿತ ಮೋಹನನು ಹಿಂದೆ ಸರಿಯುತ್ತಾನೆ. ತರುವಾಯ ಅವನು ಗಾಯಗೊಂಡು ಮಲಗಿದಾಗ ಇಂದಿರೆಯೇ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗಿ ಮದುವೆಗೆ ಒಪ್ಪಿದಾಗ ಆಕೆ ಒಪ್ಪುವುದಿಲ್ಲ.

ಚರಿತ್ರೆಯ ವಿದ್ಯಾರ್ಥಿಗೆ ಈ ಕಥೆಯಲ್ಲಿ ಕಾಣುವುದು ಪ್ರೇಮಭಂಗವೊಂದೇ ಅಲ್ಲ. ವಿದೇಶದ ಪದವಿಯು ವರನ ಬೆಲೆಯನ್ನು ಏರಿಸುತ್ತಿದ್ದ ಕಾಲವದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತಂದೆಯ ಸ್ವತ್ತಿನಲ್ಲಿ ಮಗಳಿಗೂ ಭಾಗವನ್ನು ವಿಧಿಸಿತ್ತು. 1961ರಲ್ಲಿ ವರದಕ್ಷಿಣೆಯು ಶಾಸನದಿಂದ ನಿಷಿದ್ಧವಾಯಿತು. ಶಾಸನದ ಪುಟದಲ್ಲಿ ಹೀಗಿರುವಾಗ ಮನೆಯ ಜಗಲಿಯಲ್ಲಿ ಲೆಕ್ಕಾಚಾರವು ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯಲು ನಮಗೆ ಬೇರೆ ಕಡತಗಳು ಬಹಳವಿಲ್ಲ. ತಮ್ಮನ ಜನನವೆಂಬ ಶುಭವಾರ್ತೆಯೇ ಅಕ್ಕನ ವಿವಾಹವನ್ನು ಮುರಿಯುತ್ತದೆ. ಈ ಒಂದು ತಿರುವಿನಲ್ಲಿ ಲೇಖಕಿಯು ಆಸ್ತಿ ಮತ್ತು ಅನುರಾಗಗಳ ಸಂಬಂಧವನ್ನು ಬಯಲಿಗೆ ಇಟ್ಟಿದ್ದಾರೆ. ಪ್ರೇಮಕಥೆಯ ವಾಡಿಕೆಯಂತೆ ಮದುವೆಯ ಓಲಗದಲ್ಲಿ ಮುಗಿಯಬೇಕಾದ ಕಥೆಯು ನಾಯಿಕೆಯ ನಿರಾಕರಣೆಯಲ್ಲಿ ಮುಗಿಯುವುದೂ ಗಮನಾರ್ಹ.

'ಹಣ್ಣೆಲೆ ಚಿಗುರಿದಾಗ' ಕಾದಂಬರಿಯ ವಸ್ತು ವಿಧವಾ ವಿವಾಹ. ಅದಕ್ಕೆ ಶಾಸನದ ಒಪ್ಪಿಗೆಯು 1856ರಲ್ಲಿಯೇ ದೊರೆತಿತ್ತು. ನೂರು ವರ್ಷಗಳ ಬಳಿಕವೂ ಅದೊಂದು ಕಾದಂಬರಿಯನ್ನು ಹೊತ್ತು ನಿಲ್ಲಬಲ್ಲ ಸಮಸ್ಯೆಯಾಗಿತ್ತೆಂಬುದೇ ಒಂದು ಸಾಕ್ಷ್ಯ. ಶಾಸನದ ತೇದಿಯನ್ನು ನೋಡಿ ಸಮಾಜವು ಆ ದಿನವೇ ಬದಲಾಯಿತೆಂದು ಪಾಠ ಹೇಳುವ ಅಭ್ಯಾಸವು ನಮ್ಮ ತರಗತಿಗಳಲ್ಲಿ ಉಂಟು; ಅದಕ್ಕೆ ಈ ಕಾದಂಬರಿಯು ಒಳ್ಳೆಯ ತಿದ್ದುಪಡಿ.

ಮೂರನೆಯದು 'ಶರಪಂಜರ'. ಕಾವೇರಿಯೆಂಬ ಸುಶಿಕ್ಷಿತ ಗೃಹಿಣಿಯು ಹೆರಿಗೆಯ ಅನಂತರ ಮಾನಸಿಕ ಅಸ್ವಾಸ್ಥ್ಯಕ್ಕೆ ಗುರಿಯಾಗುತ್ತಾಳೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಹಿಂದಿರುಗುತ್ತಾಳೆ. ಆದರೆ ಮನೆಯು ಗುಣವಾಗಿರುವುದಿಲ್ಲ. ಗಂಡನೂ ನೆರೆಹೊರೆಯವರೂ ಆಕೆಯ ಪ್ರತಿಯೊಂದು ಮಾತಿನಲ್ಲಿಯೂ ಹುಚ್ಚಿನ ಚಿಹ್ನೆಯನ್ನೇ ಹುಡುಕುತ್ತಾರೆ; ಗಂಡನ ಮನಸ್ಸು ಬೇರೆಡೆಗೆ ತಿರುಗಿರುತ್ತದೆ. ನೋಟಗಳೂ ಮಾತುಗಳೂ ಬಾಣಗಳಾಗಿ ಸುತ್ತಲೂ ಹೆಣೆದ ಪಂಜರದಲ್ಲಿ ಆಕೆ ಮತ್ತೆ ಕುಸಿಯುತ್ತಾಳೆ. ಕಾಯಿಲೆಗೆ ವೈದ್ಯವುಂಟು, ಕಳಂಕಕ್ಕೆ ಇಲ್ಲ ಎಂಬುದು ಕಥೆಯ ಸಾರ.

ಇದನ್ನು ಬೆಂಗಳೂರಿನ ಒಂದು ಸಂಸ್ಥೆಯ ಚರಿತ್ರೆಯೊಡನೆ ಇಟ್ಟು ನೋಡುವುದು ಉಚಿತ. ಜಯನಗರ ಮತ್ತು ಬಿ. ಟಿ. ಎಂ. ಬಡಾವಣೆಗಳ ನಿವಾಸಿಗಳು ಹೊಸೂರು ರಸ್ತೆಯಲ್ಲಿ ದಿನವೂ ಕಾಣುವ ನಿಮ್ಹಾನ್ಸ್ ಸಂಸ್ಥೆಯ ಒಂದು ಮೂಲವು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ. ಇನ್ನೊಂದು ಮೂಲವು 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ. ಇವೆರಡೂ 1974ರಲ್ಲಿ ಒಂದಾದುವು. ಅಂದರೆ ತ್ರಿವೇಣಿಯವರು ಬರೆಯುತ್ತಿದ್ದ ದಶಕವು ಈ ನಾಡಿನಲ್ಲಿ ಮನೋವೈದ್ಯದ ಶಿಕ್ಷಣವು ಬೇರೂರಿದ ದಶಕವೇ ಆಗಿತ್ತು. ಆಸ್ಪತ್ರೆಯ ದಾಖಲೆಯು ರೋಗಿಯು ಗುಣವಾಗಿ ಹೊರಟ ದಿನಕ್ಕೆ ಮುಕ್ತಾಯವಾಗುತ್ತದೆ. ಕಾದಂಬರಿಯ ಮುಖ್ಯಭಾಗವು ಆ ದಿನದಿಂದ ಆರಂಭವಾಗುತ್ತದೆ. ಒಂದು ಆಕರವು ನಿಂತಲ್ಲಿ ಇನ್ನೊಂದು ಆಕರವು ಹೊರಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ನಮಗೆ ತಿಳಿಯದು.

6. ಗ್ರಂಥಾಲಯ, ವಾರಪತ್ರಿಕೆ, ಬೆಳ್ಳಿತೆರೆ

ಕೃತಿಗಳು ವಾಚಕರನ್ನು ಮುಟ್ಟಿದ ಬಗೆಯನ್ನೂ ಸಂಕ್ಷೇಪವಾಗಿ ಹೇಳಬೇಕು. ಪುಸ್ತಕವನ್ನು ಕೊಂಡು ಓದುವಷ್ಟು ಅನುಕೂಲ ಎಲ್ಲರಿಗೂ ಇರಲಿಲ್ಲ. ಬಡಾವಣೆಗಳಲ್ಲಿ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಖಾಸಗಿ ಗ್ರಂಥಾಲಯಗಳು ಈ ಕೊರತೆಯನ್ನು ತುಂಬಿದುವು. ಒಂದು ಪ್ರತಿಯು ಹತ್ತಾರು ಮನೆಗಳನ್ನು ಸುತ್ತುತ್ತಿತ್ತು. ಆದ್ದರಿಂದ ಅಚ್ಚಾದ ಪ್ರತಿಗಳ ಸಂಖ್ಯೆಯಿಂದ ಓದಿದವರ ಸಂಖ್ಯೆಯನ್ನು ಊಹಿಸುವುದು ತಪ್ಪಾದೀತು. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದಿಂದ ಸರಕಾರದ ಗ್ರಂಥಾಲಯಗಳೂ ವಿಸ್ತರಿಸಿದುವು.

ಜಪಾನಿನಲ್ಲಿ ವಾರಪತ್ರಿಕೆಯೇ ಲೇಖಕಿಯರನ್ನು ರೂಪಿಸಿದಂತೆ, ಕನ್ನಡದಲ್ಲಿ ತ್ರಿವೇಣಿಯವರ ಅನಂತರದ ತಲೆಮಾರಿಗೆ ಧಾರಾವಾಹಿಯು ಬಲವಾದ ಆಸರೆಯಾಯಿತು. 'ಸುಧಾ' ವಾರಪತ್ರಿಕೆಯು ಹೊರಟುದು 1965ರಲ್ಲಿ. ಆ ವೇಳೆಗೆ ತ್ರಿವೇಣಿಯವರು ಕಾಲವಾಗಿ ಎರಡು ವರ್ಷಗಳಾಗಿದ್ದುವು. ವಾರಪತ್ರಿಕೆಗಳು ವಿಸ್ತರಿಸಿದ ಕಾಲಕ್ಕೆ ಬೇಕಾದ ವಾಚಕಿಯರನ್ನು ಅವರು ಮೊದಲೇ ಸಿದ್ಧಪಡಿಸಿದ್ದರೆಂದು ಹೇಳಬಹುದು. ಎಂ. ಕೆ. ಇಂದಿರಾ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ ಮುಂತಾದವರು ಆ ವಾಚಕವರ್ಗವನ್ನು ಬೆಳೆಸಿದರು.

ಚಲಚ್ಚಿತ್ರದ ಪಾತ್ರವೂ ಕಡಮೆಯದಲ್ಲ. ಪುಟ್ಟಣ್ಣ ಕಣಗಾಲರು (1933-1985) 'ಬೆಕ್ಕಿನ ಕಣ್ಣು' ಕಾದಂಬರಿಯನ್ನು ಆಧರಿಸಿ 1966ರಲ್ಲಿ ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ' ಎಂಬ ಚಿತ್ರವನ್ನು ನಿರ್ದೇಶಿಸಿದರು. 1967ರ 'ಬೆಳ್ಳಿಮೋಡ'ವು ಕನ್ನಡದಲ್ಲಿ ಅವರ ನಿರ್ದೇಶನದ ಆರಂಭ. 1968ರಲ್ಲಿ ಎಂ. ಆರ್. ವಿಠಲರ 'ಹಣ್ಣೆಲೆ ಚಿಗುರಿದಾಗ', 1971ರಲ್ಲಿ ಪುಟ್ಟಣ್ಣನವರ 'ಶರಪಂಜರ' ಬಂದುವು. ಇಂದಿರಾ, ಕಾವೇರಿ ಎರಡೂ ಪಾತ್ರಗಳನ್ನು ನಟಿಸಿದ ಕಲ್ಪನಾ ಅವರ ಹೆಸರು ಮನೆಮಾತಾಯಿತು. 1993ರಲ್ಲಿಯೂ 'ಹೂವು ಹಣ್ಣು' ಚಿತ್ರವಾಗಿ ಬಂದಿತು. ಲೇಖಕಿಯ ಮರಣಾನಂತರ ಬಂದ ಈ ಚಿತ್ರಗಳು ಅಕ್ಷರ ಬಾರದವರಿಗೂ ಕಥೆಯನ್ನು ತಲಪಿಸಿದುವು. ಆದರೆ ಒಂದು ಹಾನಿಯೂ ಸಂಭವಿಸಿತು. ಇಂದು ಅನೇಕ ವಿದ್ಯಾರ್ಥಿಗಳಿಗೆ 'ಶರಪಂಜರ'ವೆಂದರೆ ಚಲಚ್ಚಿತ್ರದ ಹೆಸರು. ಅದರ ಹಿಂದೆ ಒಂದು ಗ್ರಂಥವೂ ಒಬ್ಬ ಗ್ರಂಥಕರ್ತ್ರಿಯೂ ಇರುವುದನ್ನು ಅವರು ಆಮೇಲೆ ತಿಳಿಯುತ್ತಾರೆ.

7. ಆಕರವಾಗಿ ಕಾದಂಬರಿ: ಮಿತಿಗಳು

ಕಾದಂಬರಿಯನ್ನು ಆಕರವೆಂದು ಬಳಸುವವರು ಮೂರು ಎಚ್ಚರಿಕೆಗಳನ್ನು ವಹಿಸಬೇಕು. ಮೊದಲನೆಯದು, ಕಥೆಯಲ್ಲಿ ನಡೆದುದು ಲೋಕದಲ್ಲಿ ನಡೆಯಿತೆಂದು ಭಾವಿಸಬಾರದು. ಇಂದಿರೆಯಂತೆ ವರನನ್ನು ನಿರಾಕರಿಸಿದವರು ಎಷ್ಟು ಮಂದಿಯೆಂಬುದನ್ನು 'ಬೆಳ್ಳಿಮೋಡ'ವು ಹೇಳಲಾರದು. ಅಂಥ ನಿರಾಕರಣೆಯನ್ನು ಸಾವಿರಾರು ವಾಚಕಿಯರು ಮೆಚ್ಚಬಲ್ಲವರಾಗಿದ್ದರೆಂಬುದನ್ನು ಮಾತ್ರ ಅದು ಹೇಳುತ್ತದೆ. ಎರಡನೆಯದು, ಈ ಕಥೆಗಳ ಲೋಕವು ಬಹುಮಟ್ಟಿಗೆ ವಿದ್ಯಾವಂತ ಮಧ್ಯಮ ವರ್ಗದ್ದು. ಹೊಲದಲ್ಲಿ ದುಡಿಯುವ, ಗಿರಣಿಯಲ್ಲಿ ಕೆಲಸಮಾಡುವ ಸ್ತ್ರೀಯರ ಚರಿತ್ರೆಗೆ ಬೇರೆ ಆಕರಗಳನ್ನು ಹುಡುಕಬೇಕು. ಮೂರನೆಯದು, ಬಾಣಂತಿಯ ಕಥೆಯನ್ನು ಬರೆದ ಲೇಖಕಿಯು ಬಾಣಂತಿಯಾಗಿಯೇ ತೀರಿಕೊಂಡದ್ದರಿಂದ ಕೃತಿಯಲ್ಲಿ ಭವಿಷ್ಯದ ಸೂಚನೆಯನ್ನು ಓದುವ ಪ್ರವೃತ್ತಿಯುಂಟು. ಇದು ಕರುಣಾಜನಕವಾದರೂ ಅಶಾಸ್ತ್ರೀಯ. ಹೆರಿಗೆಯು ಅಂದಿನ ಪ್ರತಿಯೊಬ್ಬ ಸ್ತ್ರೀಗೂ ಗಂಡಾಂತರವೇ ಆಗಿತ್ತೆಂಬುದನ್ನು ನೆನೆದರೆ, ಕಥೆಯೂ ಜೀವನವೂ ಒಂದೇ ಸಾಮಾಜಿಕ ವಾಸ್ತವದ ಎರಡು ಸಾಕ್ಷ್ಯಗಳೆಂದು ತಿಳಿಯುವುದು.

8. ಉಪಸಂಹಾರ

ಪಂಡಿತರಿಂದ ಹಗುರವಾಗಿ ಕಾಣಲ್ಪಟ್ಟರೂ ಜಪಾನಿನ ಬಾಲಿಕೆಯರ ಚಿತ್ರಕಥೆಗಳು ಅಲ್ಲಿ ಇಂದು ಗ್ರಂಥಾಲಯಗಳಲ್ಲಿಯೂ ಸಂಗ್ರಹಾಲಯಗಳಲ್ಲಿಯೂ ಕಾಪಾಡಲ್ಪಟ್ಟಿವೆ. ನಮ್ಮಲ್ಲಿ ತ್ರಿವೇಣಿಯವರ ಕಾದಂಬರಿಗಳು ಪುನರ್ಮುದ್ರಣಗೊಳ್ಳುತ್ತ ಬಂದಿರುವುದು ಸಂತೋಷದ ಸಂಗತಿ. ಆದರೆ ಚರಿತ್ರಕಾರನಿಗೆ ಪಠ್ಯವೊಂದೇ ಸಾಲದು. ಹಳೆಯ ಮುದ್ರಣದ ಬೆಲೆ, ಮುನ್ನುಡಿ, ಹಿಂಬದಿಯ ಜಾಹೀರಾತು, ಖಾಸಗಿ ಗ್ರಂಥಾಲಯದ ಮೊಹರು, ಎರವಲು ಚೀಟಿಯ ಮೇಲಿನ ತೇದಿಗಳು, ಅಂಚಿನಲ್ಲಿ ಯಾರೋ ಓದುಗಳು ಪೆನ್ಸಿಲಿನಲ್ಲಿ ಬರೆದ ಒಂದು ಮಾತು ಇವೆಲ್ಲವೂ ಓದಿನ ಚರಿತ್ರೆಗೆ ಸಾಧನಗಳು. ಹೊಸ ಮುದ್ರಣದಲ್ಲಿ ಇವಾವುವೂ ಇರುವುದಿಲ್ಲ.

ಜಯನಗರ, ಬನಶಂಕರಿ, ಜೆ. ಪಿ. ನಗರಗಳ ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಟ್ಟು ಬಹುಮಹಡಿಯ ಕಟ್ಟಡಗಳು ಏಳುತ್ತಿರುವುದನ್ನು ನಾವು ನೋಡುತ್ತಿದ್ದೇವೆ. ಮನೆ ಖಾಲಿಮಾಡುವಾಗ ಮೊದಲು ಹಳೆಯ ಕಾಗದದವನ ತಕ್ಕಡಿಗೆ ಬೀಳುವುದು ಅಟ್ಟದ ಮೇಲಿನ ಕಾದಂಬರಿಗಳೇ. ನಮ್ಮ ವಿದ್ಯಾರ್ಥಿಗಳು ತಮ್ಮ ತಾಯಂದಿರನ್ನೂ ಅಜ್ಜಿಯರನ್ನೂ ಕೇಳಿ, ಅವರು ಯಾವ ವಯಸ್ಸಿನಲ್ಲಿ, ಎಲ್ಲಿಂದ ತಂದು, ಯಾರಿಗೆ ಕಾಣದಂತೆ ಅಥವಾ ಯಾರೊಡನೆ ಕೂಡಿ ಈ ಪುಸ್ತಕಗಳನ್ನು ಓದಿದರೆಂಬುದನ್ನು ಬರೆದಿಟ್ಟುಕೊಂಡರೆ ಅದೊಂದು ಅಮೂಲ್ಯವಾದ ಸಂಗ್ರಹವಾದೀತು. 1950ರ ದಶಕದಲ್ಲಿ ತ್ರಿವೇಣಿಯವರ ಹೊಸ ಪುಸ್ತಕವನ್ನು ಕೈಗೆತ್ತಿಕೊಂಡ ತರುಣಿಯರಲ್ಲಿ ಇಂದು ಉಳಿದಿರುವವರು ಎಂಬತ್ತನ್ನು ದಾಟಿದವರು. ಈ ಆಕರವು ಯಾವ ದಫ್ತರಖಾನೆಯಲ್ಲಿಯೂ ಇಲ್ಲ; ಆದ್ದರಿಂದ ಈ ಕೆಲಸಕ್ಕೆ ಹೆಚ್ಚು ಕಾಲಾವಕಾಶವೂ ಇಲ್ಲ.